ಮಿದುಳಿಗಾಗಿ ಟೀ: ಗ್ರೀನ್, ಬ್ಲ್ಯಾಕ್, ಮಾಚಾ, ಹಾಲಿನ ಚಹಾ, ಮಾತ್ರೆ – ಯಾವುದನ್ನು ಆರಿಸುವುದು?

ಮನೆಯ ಹಿರಿಯರಿಗೆ ಮರೆವು ಶುರುವಾದಾಗ, ಇಲ್ಲವೇ ಐವತ್ತರ ಆಸುಪಾಸಿನವರಿಗೆ ‘ಮುಂದೆ ನನಗೂ ಹೀಗಾದರೆ’ ಎಂಬ ಅಳುಕು ಹತ್ತಿದಾಗ, ಅಂಗಡಿಯಲ್ಲಿ ಟೀ ಡಬ್ಬಿಗಳ ಸಾಲಿನ ಮುಂದೆ ನಿಂತು ಗೊಂದಲಪಡುವವರು ಬಹಳ. ಗ್ರೀನ್ ಟೀ ಡಬ್ಬಿಯ ಮೇಲೆ ಆ್ಯಂಟಿಆಕ್ಸಿಡೆಂಟ್ ಎಂದು ದಪ್ಪಕ್ಷರದಲ್ಲಿ ಬರೆದಿರುತ್ತದೆ. ಪಕ್ಕದಲ್ಲಿ ಅಂಗೈಯಗಲದ ಡಬ್ಬಿಯಲ್ಲಿ ಸಾವಿರಾರು ರೂಪಾಯಿಯ ಮಾಚಾ, ಅಂದರೆ ಹಸಿರು ಟೀ ಎಲೆಯನ್ನೇ ನುಣ್ಣಗೆ ಮಾಡಿದ ಪುಡಿ. ಔಷಧದ ಅಂಗಡಿಗೆ ಹೋದರೆ ಗ್ರೀನ್ ಟೀ ಸಾರದ ಮಾತ್ರೆ. ಮನೆಯಲ್ಲಿ ನೋಡಿದರೆ ಹಾಲು, ಸಕ್ಕರೆ ಹಾಕಿ ಕುದಿಸಿದ ಚಹಾ ಬಿಟ್ಟು ಬೇರೇನೂ ಯಾರ ಬಾಯಿಗೂ ಹಿಡಿಸುವುದಿಲ್ಲ.

ಮೊದಲೇ ಹೇಳಿಬಿಡಬೇಕಾದ ಮಾತೊಂದಿದೆ. ಯಾವ ಟೀಯೂ ಡಿಮೆನ್ಷಿಯಾವನ್ನು (ಮರೆವಿನ ಕಾಯಿಲೆಯನ್ನು) ತಡೆಯುತ್ತದೆ ಎಂದು ಇದುವರೆಗೆ ಸಾಬೀತಾಗಿಲ್ಲ, ವಾಸಿ ಮಾಡುವ ಮಾತಂತೂ ದೂರ. ದಿನವೂ ಟೀ ಕುಡಿಯುವವರಲ್ಲಿ ನೆನಪು ಮತ್ತು ಗ್ರಹಿಕೆ ಕುಂದುವುದು ಕಡಿಮೆ ಎಂದು ಹಲವು ದೇಶಗಳ ಸಮೀಕ್ಷೆಗಳು ತೋರಿಸಿವೆ, ಅಷ್ಟೇ. ಆದ್ದರಿಂದ ಇಲ್ಲಿ ಆರಿಸಬೇಕಾದದ್ದು ಔಷಧವನ್ನಲ್ಲ, ದಿನನಿತ್ಯದ ಒಂದು ಅಭ್ಯಾಸವನ್ನು.

ಎಲೆಯಲ್ಲಿ ಇರುವುದೇನು

ಗ್ರೀನ್, ಬ್ಲ್ಯಾಕ್, ಊಲಾಂಗ್, ವೈಟ್, ಮಾಚಾ ಎಲ್ಲವೂ ಒಂದೇ ಗಿಡದ ಎಲೆ, ಕೆಮೇಲಿಯಾ ಸೈನೆನ್ಸಿಸ್. ಕಿತ್ತ ಎಲೆಯನ್ನು ಕೂಡಲೇ ಹಬೆಯಲ್ಲಿ ಬೇಯಿಸಿದರೆ ಅಥವಾ ಬಾಣಲೆಯಲ್ಲಿ ಹುರಿದರೆ ಅದರೊಳಗಿನ ಕಿಣ್ವ ಸತ್ತು ಎಲೆ ಹಸಿರಾಗಿಯೇ ಉಳಿಯುತ್ತದೆ. ಜಜ್ಜಿ ಗಾಳಿಗೆ ಬಿಟ್ಟರೆ ಕಪ್ಪಾಗುತ್ತದೆ. ಊಲಾಂಗ್ ಇವೆರಡರ ನಡುವಿನದು.

ಮಿದುಳಿನ ವಿಷಯದಲ್ಲಿ ಮೂರು ವಸ್ತುಗಳ ಹೆಸರು ಮತ್ತೆ ಮತ್ತೆ ಬರುತ್ತದೆ. ಮೊದಲನೆಯದು ಕೆಟೆಚಿನ್‌ಗಳು, ಅಂದರೆ ಪಾಲಿಫಿನಾಲ್ ಎಂಬ ಸಸ್ಯಜನ್ಯ ವಸ್ತುಗಳ ಒಂದು ಗುಂಪು, ಅದರಲ್ಲೂ ಇಜಿಸಿಜಿ ಎಂಬ ಕೆಟೆಚಿನ್. ಪ್ರಯೋಗಾಲಯದಲ್ಲಿ ಇದು ನರಕೋಶಗಳ ಉರಿಯೂತವನ್ನು ತಗ್ಗಿಸುತ್ತದೆ, ಆಲ್ಝೈಮರ್ಸ್‌ನಲ್ಲಿ ಗಡ್ಡೆಗಟ್ಟುವ ಅಮಿಲಾಯ್ಡ್ ಪ್ರೋಟೀನನ್ನು ಒಟ್ಟುಗೂಡದಂತೆ ತಡೆಯುತ್ತದೆ. ತೊಡಕೇನೆಂದರೆ, ಕುಡಿದದ್ದರಲ್ಲಿ ರಕ್ತಕ್ಕೆ ಸೇರುವುದು ಅತ್ಯಲ್ಪ, ಅಲ್ಲಿಂದ ಮಿದುಳಿಗೆ ದಾಟುವುದು ಇನ್ನೂ ಅಲ್ಪ. ಕೋಶಗಳ ಮೇಲೆ ನೇರವಾಗಿ ಸುರಿದಾಗ ಕಂಡ ಫಲ ಲೋಟದಿಂದಲೂ ಸಿಗುತ್ತದೆ ಎಂದುಕೊಳ್ಳಬಾರದು. ಎಲೆ ಕಪ್ಪಾಗುವಾಗ ಕೆಟೆಚಿನ್‌ಗಳ ಬಹುಪಾಲು ಥಿಯಾಫ್ಲೇವಿನ್, ಥಿಯಾರುಬಿಜಿನ್ ಎಂಬ ಬೇರೆ ಪಾಲಿಫಿನಾಲ್‌ಗಳಾಗಿ ಮಾರ್ಪಡುತ್ತವೆ. ನಾಶವಾಗುವುದಿಲ್ಲ, ರೂಪ ಬದಲಿಸುತ್ತವೆ. 100 ಮಿ.ಲೀ. ಗ್ರೀನ್ ಟೀಯಲ್ಲಿ ಸುಮಾರು 65–70 ಮಿ.ಗ್ರಾಂ ಇಜಿಸಿಜಿ ಇದ್ದರೆ, ವೈಟ್ ಟೀಯಲ್ಲಿ 40ರ ಮೇಲೆ, ಊಲಾಂಗ್‌ನಲ್ಲಿ 35ರ ಹತ್ತಿರ, ಬ್ಲ್ಯಾಕ್ ಟೀಯಲ್ಲಿ 9ರ ಸುತ್ತ ಇರುತ್ತದೆ.

ಎರಡನೆಯದು ಎಲ್-ಥಿಯಾನಿನ್, ಟೀಗೆ ಅದರದೇ ಆದ ಸವಿ ಕೊಡುವ ಅಮೈನೋ ಆಮ್ಲ. ಜಪಾನಿನಲ್ಲಿ 1949ರಲ್ಲಿ ಇದನ್ನು ಗುರುತಿಸಿದರು. ಮೂರನೆಯದು ಕೆಫೀನ್. ಇವೆರಡೂ ಕೂಡಿದಾಗ ಕೆಲ ಹೊತ್ತು ಏಕಾಗ್ರತೆ ಹೆಚ್ಚುತ್ತದೆ ಎಂಬುದಕ್ಕೆ ಒಳ್ಳೆಯ ಪ್ರಯೋಗಗಳ ಆಧಾರ ಇದೆ. ಆದರೆ ಅಲ್ಲಿ ಕೊಟ್ಟ ಥಿಯಾನಿನ್ ಸಾಮಾನ್ಯವಾಗಿ 100 ಮಿ.ಗ್ರಾಂ ಅಥವಾ ಅದಕ್ಕಿಂತ ಹೆಚ್ಚು. ಒಂದು ಲೋಟ ಟೀಯಲ್ಲಿ ಅಷ್ಟು ಇರುವುದಿಲ್ಲ. ಥಿಯಾನಿನ್ ಎಂದರೆ ಗ್ರೀನ್ ಟೀ ಎಂಬ ನಂಬಿಕೆಯೂ ಪೂರ್ತಿ ಸರಿಯಲ್ಲ. ಬ್ರಿಟನ್ನಿನ ಮಾರುಕಟ್ಟೆಯ ಟೀಗಳನ್ನು 2011ರಲ್ಲಿ ಅಳೆದಾಗ 200 ಮಿ.ಲೀ. ಬ್ಲ್ಯಾಕ್ ಟೀಯಲ್ಲಿ ಸರಾಸರಿ 24 ಮಿ.ಗ್ರಾಂ, ಗ್ರೀನ್ ಟೀಯಲ್ಲಿ 8 ಮಿ.ಗ್ರಾಂ ಸಿಕ್ಕಿತು. ಎಲೆಯ ಬಣ್ಣಕ್ಕಿಂತ ಅದು ಎಂಥ ತೋಟದ್ದು, ಎಷ್ಟು ಹೊತ್ತು ನೆನೆಯಿತು ಎನ್ನುವುದೇ ಇಲ್ಲಿ ಮುಖ್ಯ.

ಯಾವುದರಿಂದ ಅಳೆಯಬೇಕು

ಡಬ್ಬಿಯ ಹಿಂದಿನ ಮಿಲಿಗ್ರಾಂ ಲೆಕ್ಕಕ್ಕಿಂತ ಮುಂಚೆ ಐದು ಪ್ರಶ್ನೆ ಕೇಳಿಕೊಳ್ಳಿ. ಮನುಷ್ಯರ ಮೇಲೆ ನಡೆದ ಅಧ್ಯಯನ ಏನು ಹೇಳುತ್ತದೆ? ಟೀ ಜೊತೆ ಒಳಗೆ ಹೋಗುವ ಸಕ್ಕರೆ ಎಷ್ಟು? ಕೆಫೀನ್ ನಿದ್ದೆ ಕೆಡಿಸುತ್ತದೆಯೇ? ರಕ್ತಹೀನತೆ ಅಥವಾ ತೆಗೆದುಕೊಳ್ಳುತ್ತಿರುವ ಮಾತ್ರೆಗೆ ಅಡ್ಡಿಯೇ? ಕಡೆಯದು, ಇದನ್ನು ಮುಂದಿನ ಹತ್ತು ವರ್ಷ ಬೇಸರವಿಲ್ಲದೆ ಕುಡಿಯಲು ನಾಲಿಗೆಗೂ ಜೇಬಿಗೂ ಸಾಧ್ಯವೇ? ಇಲ್ಲಿ ಸಕ್ಕರೆಗೂ ನಿದ್ದೆಗೂ ಹೆಚ್ಚು ತೂಕ ಕೊಡಬೇಕು. ಡಿಮೆನ್ಷಿಯಾ ಕುರಿತು ಲ್ಯಾನ್ಸೆಟ್ ವೈದ್ಯಕೀಯ ಪತ್ರಿಕೆ ನೇಮಿಸಿದ ಆಯೋಗ 2024ರಲ್ಲಿ ಪಟ್ಟಿ ಮಾಡಿದ, ತಿದ್ದಿಕೊಳ್ಳಬಹುದಾದ 14 ಅಪಾಯಗಳಲ್ಲಿ ಮಧುಮೇಹ ಇದೆ, ರಕ್ತದೊತ್ತಡ ಇದೆ, ಕಿವುಡು ಇದೆ. ಟೀ ಕುಡಿಯದಿರುವುದು ಆ ಪಟ್ಟಿಯಲ್ಲಿಲ್ಲ.

ಗ್ರೀನ್ ಟೀ: ಆಧಾರ ಹೆಚ್ಚು, ತಯಾರಿಯಲ್ಲಿ ತಪ್ಪೂ ಹೆಚ್ಚು

ಸಮೀಕ್ಷೆಗಳ ಬಲ ಗ್ರೀನ್ ಟೀಗೆ ಚೆನ್ನಾಗಿದೆ. ಜಪಾನಿನ ಸೆಂಡೈ ನಗರದ ತ್ಸುರುಗಾಯದಲ್ಲಿ 70 ದಾಟಿದ 1,003 ಜನರನ್ನು ನೋಡಿದ ಅಧ್ಯಯನ 2006ರಲ್ಲಿ ಪ್ರಕಟವಾಯಿತು. ದಿನಕ್ಕೆ ಎರಡು ಕಪ್ ಅಥವಾ ಹೆಚ್ಚು ಗ್ರೀನ್ ಟೀ ಕುಡಿಯುವವರಲ್ಲಿ ಗ್ರಹಿಕೆಯ ತೊಂದರೆ, ವಾರಕ್ಕೆ ಮೂರು ಕಪ್ ಅಥವಾ ಅದಕ್ಕಿಂತ ಕಡಿಮೆ ಕುಡಿಯುವವರ ಸುಮಾರು ಅರ್ಧದಷ್ಟಿತ್ತು. ಅದೇ ಪ್ರಾಂತ್ಯದ ಓಸಾಕಿಯಲ್ಲಿ 65 ದಾಟಿದ 13,645 ಜನರನ್ನು ವರ್ಷಗಟ್ಟಲೆ ಹಿಂಬಾಲಿಸಿದ ಅಧ್ಯಯನದಲ್ಲಿ, ದಿನಕ್ಕೆ ಐದು ಕಪ್ ಅಥವಾ ಹೆಚ್ಚು ಕುಡಿಯುವವರಿಗೆ ಡಿಮೆನ್ಷಿಯಾ ಬರುವ ಸಂಭವ ಕಾಲುಭಾಗಕ್ಕಿಂತ ತುಸು ಹೆಚ್ಚೇ ಕಡಿಮೆ ಎಂದು ಕಂಡಿತು. ಐದು ಕಪ್ ಎಂದ ಕೂಡಲೇ ಗಾಬರಿ ಬೇಡ, ಅಲ್ಲಿನ ಕಪ್ ಸುಮಾರು 100 ಮಿ.ಲೀ. ಅಷ್ಟೇ.

ಆದರೆ ನಡೆದಾಡಲು ಗಟ್ಟಿಯಿರುವ, ಗೆಳೆಯರ ಜೊತೆ ಕೂತು ಹರಟುವ ಹಿರಿಯರೇ ಟೀಯನ್ನೂ ಹೆಚ್ಚು ಕುಡಿಯುತ್ತಿರಬಹುದು. ಸಮೀಕ್ಷೆ ಈ ಗಂಟನ್ನು ಪೂರ್ತಿ ಬಿಡಿಸಲಾರದು. ಚೀಟಿ ಎತ್ತಿದಂತೆ ಗುಂಪು ಹಂಚಿ ಮಾಡಿದ ಪ್ರಯೋಗಗಳ ಫಲ ಸಪ್ಪೆ. ಜಪಾನಿನ ವೃದ್ಧಾಶ್ರಮದ 33 ಜನರ ಮೇಲೆ ನಡೆದ ಪ್ರಯೋಗದಲ್ಲಿ ದಿನಕ್ಕೆ 2 ಗ್ರಾಂ ಗ್ರೀನ್ ಟೀ ಪುಡಿಯನ್ನು ಒಂದು ವರ್ಷ ಕೊಟ್ಟರೂ ನೆನಪಿನ ಪರೀಕ್ಷೆಯಲ್ಲಿ ಹೇಳಿಕೊಳ್ಳುವ ವ್ಯತ್ಯಾಸ ಕಾಣಲಿಲ್ಲ.

ಗ್ರೀನ್ ಟೀ ಕಹಿ ಎಂದು ಬಿಟ್ಟವರಲ್ಲಿ ಬಹುತೇಕರು ಅದನ್ನು ಹಾಲಿನ ಚಹಾದಂತೆ ಒಲೆಯ ಮೇಲೆ ಕುದಿಸಿರುತ್ತಾರೆ. ಕಹಿ ತಡೆಯಲಾರದೆ ಜೇನು ಸುರಿಯುತ್ತಾರೆ, ಅಲ್ಲಿಗೆ ಉದ್ದೇಶವೇ ಹಾಳು. ಬೇಕಾದ್ದು 80 ಡಿಗ್ರಿಯ ಹತ್ತಿರದ ನೀರು. ಥರ್ಮಾಮೀಟರ್ ಬೇಡ. 200 ಮಿ.ಲೀ. ಲೋಟದಲ್ಲಿ 2 ಗ್ರಾಂ ಎಲೆ ಹಾಕಿ, ಮೊದಲು 50 ಮಿ.ಲೀ. ಕುಡಿಯುವ ತಣ್ಣೀರು, ಮೇಲೆ 150 ಮಿ.ಲೀ. ಕುದಿಯುವ ನೀರು ಹೊಯ್ಯಿರಿ. ಬೆಂಗಳೂರಿನ ಎತ್ತರದಲ್ಲಿ ನೀರು ಕುದಿಯುವುದೇ 97 ಡಿಗ್ರಿಗೆ, ಆದ್ದರಿಂದ ಬೆರಕೆ 79ರ ಆಸುಪಾಸಿಗೆ ನಿಲ್ಲುತ್ತದೆ. ಮಂಗಳೂರಿನಲ್ಲಿ ಒಂದೆರಡು ಡಿಗ್ರಿ ಹೆಚ್ಚು, ಅಡ್ಡಿಯಿಲ್ಲ. ತಟ್ಟೆ ಮುಚ್ಚಿ ಮೂರು ನಿಮಿಷ ಬಿಟ್ಟು ಸೋಸಿ. ಎಲೆ ಲೋಟದಲ್ಲೇ ಉಳಿದರೆ ನಾಲ್ಕನೇ ನಿಮಿಷದಿಂದ ಒಗರು ಏರುತ್ತದೆ. ಬಿಡಿ ಎಲೆಯಾದರೆ ಇನ್ನೊಮ್ಮೆ ನೀರು ಹೊಯ್ದು ಎರಡನೇ ಲೋಟವನ್ನೂ ತೆಗೆಯಬಹುದು. ಎರಡು ಹನಿ ನಿಂಬೆರಸ ಹಿಂಡುವುದು ಒಳ್ಳೆಯದೇ. ಕೆಟೆಚಿನ್ ಕರುಳಿನ ಕ್ಷಾರಕ್ಕೆ ಬೇಗ ಕೆಡುತ್ತದೆ, ಆಮ್ಲ ಇದ್ದರೆ ಹೆಚ್ಚು ಉಳಿಯುತ್ತದೆ ಎಂದು ಪ್ರಯೋಗಾಲಯದ ಜೀರ್ಣ ಮಾದರಿಗಳಲ್ಲಿ ಕಂಡಿದೆ. ಫ್ಲಾಸ್ಕಿನಲ್ಲಿ ತುಂಬಿಟ್ಟು ಮಧ್ಯಾಹ್ನದವರೆಗೆ ಕುಡಿಯುವ ಅಭ್ಯಾಸ ಬೇಡ. ಕಂದು ಬಣ್ಣಕ್ಕೆ ತಿರುಗಿದ ಗ್ರೀನ್ ಟೀ ಎಂದರೆ ಕೆಟೆಚಿನ್ ಗಾಳಿ, ಶಾಖಕ್ಕೆ ಕೆಟ್ಟಿದೆ ಎಂದೇ ಅರ್ಥ.

ಟೀ ಬ್ಯಾಗಿನಲ್ಲಿ ತೂಕ ನೋಡಿ. ಕೆಲವದರಲ್ಲಿ 1.3 ಗ್ರಾಂ ಮಾತ್ರ ಇರುತ್ತದೆ. ಅದನ್ನು 250 ಮಿ.ಲೀ. ಮಗ್ಗಿಗೆ ಅದ್ದಿದರೆ ಸಿಗುವುದು ಬಣ್ಣದ ನೀರು. ‘ತುಳಸಿ ಗ್ರೀನ್ ಟೀ’ ತರಹದ ಬೆರಕೆಯಲ್ಲಿ ಟೀ ಎಲೆಯ ಪಾಲು ಶೇಕಡಾ ಎಷ್ಟು ಎಂದು ಡಬ್ಬಿಯ ಬದಿಯಲ್ಲಿ ಸಣ್ಣಕ್ಷರದಲ್ಲಿ ಇರುತ್ತದೆ, ಓದಿಕೊಳ್ಳಿ.

ಬ್ಲ್ಯಾಕ್ ಟೀ: ಯಾರೂ ಹೊಗಳದ ಒಳ್ಳೆಯ ಆಯ್ಕೆ

ನಮ್ಮ ಅಂದಾಜಿನಲ್ಲಿ ಕನ್ನಡ ನಾಡಿನ ಬಹುಪಾಲು ಮನೆಗಳಿಗೆ ಹೊಂದುವ ಆಯ್ಕೆ ಇದೇ, ಕರಾವಳಿಯವರ ಕಣ್ಣಚಾ. ಇಜಿಸಿಜಿ ಕಡಿಮೆ ಎಂಬ ಒಂದೇ ಕಾರಣಕ್ಕೆ ಇದನ್ನು ತಳ್ಳಿಹಾಕುವುದು ಸರಿಯಲ್ಲ. ಸಿಂಗಪುರದಲ್ಲಿ 55 ದಾಟಿದ 957 ಚೀನೀಯರನ್ನು ಹಿಂಬಾಲಿಸಿದ ಅಧ್ಯಯನದಲ್ಲಿ ನಿತ್ಯ ಟೀ ಕುಡಿಯುವವರಿಗೆ ಗ್ರಹಿಕೆ ಕುಂದುವ ಸಂಭವ ಅರ್ಧದಷ್ಟಿತ್ತು. ಗ್ರೀನ್, ಬ್ಲ್ಯಾಕ್, ಊಲಾಂಗ್ ಎಂಬ ಭೇದ ಅಲ್ಲಿ ದೊಡ್ಡದಾಗಿ ಕಾಣಲಿಲ್ಲ. ಅದೇ ನಾಡಿನ 63,257 ಜನರ ಇನ್ನೊಂದು ಅಧ್ಯಯನ 2008ರಲ್ಲಿ ಹೇಳಿದ್ದು ಇನ್ನೂ ಸ್ವಾರಸ್ಯ: ಪಾರ್ಕಿನ್ಸನ್ಸ್ ಎಂಬ ನಡುಕದ ಕಾಯಿಲೆ ಕಡಿಮೆ ಕಂಡದ್ದು ಬ್ಲ್ಯಾಕ್ ಟೀ ಕುಡಿಯುವವರಲ್ಲಿ, ಗ್ರೀನ್ ಟೀಯವರಲ್ಲಲ್ಲ. ಬ್ರಿಟನ್ನಿನಲ್ಲಿ 3,65,682 ಜನರ ಮಾಹಿತಿ ನೋಡಿ 2021ರಲ್ಲಿ ಬಂದ ವರದಿಯಲ್ಲಿ, ದಿನಕ್ಕೆ ಎರಡು ಮೂರು ಕಪ್ ಟೀ ಜೊತೆಗೆ ಎರಡು ಮೂರು ಕಪ್ ಕಾಫಿಯನ್ನೂ ಕುಡಿಯುವವರಿಗೆ, ಎರಡನ್ನೂ ಮುಟ್ಟದವರಿಗಿಂತ ಡಿಮೆನ್ಷಿಯಾ ಸಂಭವ ಶೇ. 28ರಷ್ಟು ಕಡಿಮೆ ಇತ್ತು. ಬ್ರಿಟನ್ನಿನವರ ಟೀ ಎಂದರೆ ಬಹುತೇಕ ಬ್ಲ್ಯಾಕ್ ಟೀಯೇ. ಫಿಲ್ಟರ್ ಕಾಫಿ ಬಿಡಲಾರದವರು ಈ ಅಂಕಿಯನ್ನು ಮನೆಯಲ್ಲಿ ಧಾರಾಳವಾಗಿ ಉಲ್ಲೇಖಿಸಬಹುದು.

ನೀಲಗಿರಿಯ ಆರ್ಥಡಾಕ್ಸ್ ಎಲೆ, ಅಂದರೆ ಕಾಳು ಮಾಡದೆ ಹೊಸೆದು ಒಣಗಿಸಿದ ಬಿಡಿ ಎಲೆ, ಇದಕ್ಕೆ ಚೆನ್ನಾಗಿ ಒಗ್ಗುತ್ತದೆ. ಕಾಳಿನಂತಿರುವ ಸಿಟಿಸಿ ಪುಡಿ ಹಾಲಿಗೆಂದೇ ಮಾಡಿದ್ದು, ಬರೀ ನೀರಿನಲ್ಲಿ ಬೇಗ ಗಡುಸಾಗುತ್ತದೆ. ಅದನ್ನೇ ಬಳಸುವುದಾದರೆ ಲೋಟಕ್ಕೆ 1.5 ಗ್ರಾಂ, ಎರಡೇ ನಿಮಿಷ. ಆರ್ಥಡಾಕ್ಸ್ ಆದರೆ 2 ಗ್ರಾಂ, ಕುದಿಯುವ ನೀರು, ನಾಲ್ಕು ನಿಮಿಷ.

ಹಾಲಿನ ಚಹಾ: ತಪ್ಪು ಹಾಲಿನದಲ್ಲ

ಹಾಲು ಹಾಕಿದರೆ ಟೀಯ ಗುಣವೆಲ್ಲ ಹೋಯಿತು ಎಂಬ ಮಾತು ಅರ್ಧ ನಿಜ. ಹಾಲಿನ ಕೇಸಿನ್ ಎಂಬ ಪ್ರೋಟೀನು ಪಾಲಿಫಿನಾಲ್‌ಗಳನ್ನು ಹಿಡಿದುಕೊಳ್ಳುತ್ತದೆ. 2007ರ ಒಂದು ಜರ್ಮನ್ ಪ್ರಯೋಗದಲ್ಲಿ ಬ್ಲ್ಯಾಕ್ ಟೀ ರಕ್ತನಾಳವನ್ನು ಹಿಗ್ಗಿಸುವ ಗುಣ ಹಾಲು ಸೇರಿದಾಗ ಕಾಣಲಿಲ್ಲ. ಆದರೆ ಅದಕ್ಕೆ ಮುಂಚೆ ನಡೆದ ಪ್ರಯೋಗದಲ್ಲಿ ರಕ್ತಕ್ಕೆ ಸೇರುವ ಕೆಟೆಚಿನ್ ಹಾಲಿನಿಂದ ಕಡಿಮೆಯಾಗಿರಲಿಲ್ಲ. ಬ್ರಿಟನ್ನಿನ ಆ ಲಕ್ಷಾಂತರ ಜನರಲ್ಲಿ ಹಾಲು ಬೆರೆಸುವವರೂ ಧಾರಾಳ. ಅಲ್ಲಿ ಬೆರೆಸುವುದು ಒಂದೆರಡು ಚಮಚ ಹಾಲು, ನಮ್ಮಲ್ಲಿ ಅರ್ಧಕ್ಕರ್ಧ. ಆದ್ದರಿಂದ ಹಾಲನ್ನು ಕಾಲುಭಾಗಕ್ಕೆ ಇಳಿಸಿ, ಮೊದಲು ಪುಡಿಯನ್ನು ನೀರಿನಲ್ಲಿ ಮೂರು ನಿಮಿಷ ಬಿಟ್ಟು, ಹಾಲನ್ನು ಕೊನೆಗೆ ಸೇರಿಸುವುದು ಜಾಣತನ.

ನಿಜವಾದ ಹೊಡೆತ ಸಕ್ಕರೆಯದು. ಲೋಟಕ್ಕೆ ಎರಡು ಚಮಚದಂತೆ ನಾಲ್ಕು ಲೋಟ ಎಂದರೆ ಹತ್ತಿರ ಹತ್ತಿರ 40 ಗ್ರಾಂ. ವಿಶ್ವ ಆರೋಗ್ಯ ಸಂಸ್ಥೆ ಇಡೀ ದಿನಕ್ಕೆ 50 ಗ್ರಾಂ ಮೀರಬೇಡಿ, 25ರೊಳಗೆ ಇದ್ದರೆ ಇನ್ನೂ ಒಳ್ಳೆಯದು ಎನ್ನುತ್ತದೆ. ಬೆಲ್ಲ ಹಾಕಿದರೂ ಲೆಕ್ಕ ಅದೇ. ಒಮ್ಮೆಲೇ ಬಿಟ್ಟವರು ವಾರದೊಳಗೆ ಮರಳುತ್ತಾರೆ. ಹತ್ತು ದಿನಕ್ಕೆ ಕಾಲು ಚಮಚದಂತೆ ಇಳಿಸುತ್ತಾ ಬನ್ನಿ, ಶುಂಠಿ, ಏಲಕ್ಕಿ ತುಸು ಹೆಚ್ಚಿಸಿ. ಸಕ್ಕರೆಯಿಲ್ಲದ ಹಾಲಿನ ಚಹಾ, ಜೇನು ಹಾಕಿದ ಗ್ರೀನ್ ಟೀ, ಇವೆರಡರಲ್ಲಿ ಒಂದು ಎಂದರೆ ಮೊದಲನೆಯದನ್ನೇ ಆರಿಸಿ.

ಮಾಚಾ, ವೈಟ್ ಟೀ: ಜೇಬು ದಪ್ಪ ಇದ್ದವರಿಗೆ

ಮಾಚಾ ನೆರಳಿನಲ್ಲಿ ಬೆಳೆದ ಎಲೆಯ ಪುಡಿ. ನೆರಳಿನಲ್ಲಿ ಥಿಯಾನಿನ್ ಕೆಟೆಚಿನ್ ಆಗಿ ಬದಲಾಗುವುದು ನಿಧಾನ, ಅದಕ್ಕೇ ರುಚಿ ಮೃದು. ಸೋಸದೆ ಎಲೆಯನ್ನೇ ಕುಡಿಯುವುದರಿಂದ ಎಲ್ಲವೂ ಹೊಟ್ಟೆಗೆ ಸೇರುತ್ತದೆ. 2024ರಲ್ಲಿ ಪ್ರಕಟವಾದ ಜಪಾನಿನ ಪ್ರಯೋಗದಲ್ಲಿ 60ರಿಂದ 85 ವಯಸ್ಸಿನ 99 ಜನರು ಒಂದು ವರ್ಷ ಭಾಗವಹಿಸಿದ್ದರು. ಮಾಚಾ ಗುಂಪಿನವರಿಗೆ ದಿನಕ್ಕೆ 2 ಗ್ರಾಂ, ಅಂದರೆ ಸುಮಾರು 170 ಮಿ.ಗ್ರಾಂ ಕೆಟೆಚಿನ್, 50ರ ಹತ್ತಿರ ಥಿಯಾನಿನ್, 65ರ ಮೇಲೆ ಕೆಫೀನ್. ಮುಖ ನೋಡಿ ಭಾವ ಗುರುತಿಸುವ ಪರೀಕ್ಷೆಯಲ್ಲಿ ಸುಧಾರಣೆ ಕಂಡಿತು. ಗ್ರಹಿಕೆಯ ಮುಖ್ಯ ಪರೀಕ್ಷೆಯಲ್ಲಿ ಕಾಣಲಿಲ್ಲ. 50 ಗ್ರಾಂಗೆ 2,000 ರೂಪಾಯಿ ಎಂದು ಹಿಡಿದರೆ ಒಂದು ಬಟ್ಟಲಿಗೆ 80 ರೂಪಾಯಿ. ಕಿಲೋಗೆ 500 ರೂಪಾಯಿಯ ಟೀ ಪುಡಿಯಲ್ಲಿ 2 ಗ್ರಾಂಗೆ 1 ರೂಪಾಯಿ, 1,500 ರೂಪಾಯಿಯ ಬಿಡಿ ಗ್ರೀನ್ ಟೀಯಲ್ಲಿ 3 ರೂಪಾಯಿ. ಎಂಬತ್ತು ಪಟ್ಟು ಬೆಲೆಗೆ ಎಂಬತ್ತು ಪಟ್ಟು ಆಧಾರ ಇಲ್ಲ. ಕೆಫೆಯ ಮಾಚಾ ಲಾಟೆಯಲ್ಲಂತೂ ಬಹುಪಾಲು ಹಾಲು, ಸಿಹಿ ಪಾಕ. ವೈಟ್ ಟೀಯ ಮಾತೂ ಹೆಚ್ಚುಕಡಿಮೆ ಇದೇ. ರುಚಿಗೆ ಕೊಳ್ಳಿ, ಮಿದುಳಿಗೆಂದು ಬೇಡ.

ಮಾತ್ರೆ ಬೇಡ

ಇಲ್ಲಿ ಎರಡು ಮಾತಿಲ್ಲ. ಯುರೋಪಿನ ಆಹಾರ ಸುರಕ್ಷತಾ ಪ್ರಾಧಿಕಾರ 2018ರಲ್ಲಿ, ದಿನಕ್ಕೆ 800 ಮಿ.ಗ್ರಾಂ ಅಥವಾ ಹೆಚ್ಚು ಇಜಿಸಿಜಿಯನ್ನು ಪೂರಕವಾಗಿ ತೆಗೆದುಕೊಂಡವರಲ್ಲಿ ಯಕೃತ್ತಿನ ಕಿಣ್ವ ಏರುವುದನ್ನು ಎತ್ತಿ ತೋರಿಸಿತು. ಮಲ್ಟಿಪಲ್ ಸಿಸ್ಟಮ್ ಆ್ಯಟ್ರೊಫಿ ಎಂಬ ನರರೋಗ ಇದ್ದ 92 ಜನರ ಮೇಲೆ ಜರ್ಮನಿಯಲ್ಲಿ ಇಜಿಸಿಜಿ ಮಾತ್ರೆಯ ಪ್ರಯೋಗ 48 ವಾರ ನಡೆದು, 2019ರಲ್ಲಿ ಫಲಿತಾಂಶ ಬಂತು. ರೋಗದ ಓಟ ನಿಧಾನವಾಗಲಿಲ್ಲ, ಕೆಲವರ ಯಕೃತ್ತಿಗೆ ತೊಂದರೆಯಾಯಿತು. ಖಾಲಿ ಹೊಟ್ಟೆಯಲ್ಲಿ ನುಂಗಿದರೆ ಅಪಾಯ ಇನ್ನೂ ಹೆಚ್ಚು. ಊಟದ ಜೊತೆ ಲೋಟದಲ್ಲಿ ಕುಡಿದ ಟೀಗೂ ಒಮ್ಮೆಲೇ ಒಳಗೆ ಬೀಳುವ ಸಾರಕ್ಕೂ ದೇಹ ಬೇರೆಬೇರೆಯಾಗಿ ಸ್ಪಂದಿಸುತ್ತದೆ.

ಬ್ರಾಹ್ಮಿ ಟೀ, ಕ್ಯಾಮೊಮೈಲ್, ತುಳಸಿ ನೀರು, ಜೀರಿಗೆ ಕೊತ್ತಂಬರಿಯ ಕಷಾಯ ಇವ್ಯಾವುವೂ ಟೀ ಗಿಡದವಲ್ಲ. ಇವುಗಳಲ್ಲಿ ಥಿಯಾನಿನ್ ಇಲ್ಲ, ಕೆಫೀನ್ ಸಹ ಇಲ್ಲ. ಸಂಜೆಯ ಲೋಟಕ್ಕೆ ಇವು ಒಳ್ಳೆಯ ಬದಲಿ.

ಯಾರು ಏನು ಆರಿಸಬೇಕು, ಎಲ್ಲಿ ಎಚ್ಚರ ಬೇಕು

ನಿದ್ದೆ ಹಗುರವಾಗಿರುವ ಹಿರಿಯರು ಮಧ್ಯಾಹ್ನ ಎರಡರ ಮೇಲೆ ಕೆಫೀನಿನ ಟೀ ನಿಲ್ಲಿಸಬೇಕು. ಕುಡಿದ ಕೆಫೀನಿನಲ್ಲಿ ಅರ್ಧ ಇಳಿಯಲು ಸುಮಾರು ಐದು ಗಂಟೆ ಬೇಕು, ಮಿದುಳು ತನ್ನ ಕಸ ತೆಗೆಯುವುದು ಗಾಢ ನಿದ್ದೆಯಲ್ಲಿ. ನಿದ್ದೆ ಕೆಡಿಸಿಕೊಂಡು ಕೆಟೆಚಿನ್ ಗಳಿಸುವುದು ನಷ್ಟದ ವ್ಯಾಪಾರ. ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ (ಐಸಿಎಂಆರ್) ರಾಷ್ಟ್ರೀಯ ಪೋಷಣಾ ಸಂಸ್ಥೆ 2024ರ ಮಾರ್ಗಸೂಚಿಯಲ್ಲಿ ದಿನದ ಕೆಫೀನ್ 300 ಮಿ.ಗ್ರಾಂ ಮೀರದಿರಲಿ ಎಂದಿದೆ. ಒಂದು ಕಪ್ ಟೀಯಲ್ಲಿ 30ರಿಂದ 65, ಡಿಕಾಕ್ಷನ್ ಕಾಫಿಯಲ್ಲಿ 80ರಿಂದ 120. ಗರ್ಭಿಣಿಯರಿಗೆ 200 ಮಿ.ಗ್ರಾಂ ಮಿತಿ.

ರಕ್ತಹೀನತೆ ಇರುವ ಹೆಂಗಸರಿಗೆ ಯಾವ ಟೀ ಎನ್ನುವುದಕ್ಕಿಂತ ಯಾವಾಗ ಎನ್ನುವುದು ದೊಡ್ಡ ಪ್ರಶ್ನೆ. ರಾಗಿ ಮುದ್ದೆ, ಸೊಪ್ಪಿನ ಸಾರು, ಕಾಳುಗಳಲ್ಲಿನ ಕಬ್ಬಿಣವನ್ನು ಟೀಯ ಪಾಲಿಫಿನಾಲ್ ಹಿಡಿದಿಟ್ಟು, ಹೀರಿಕೆಯನ್ನು ಅರ್ಧಕ್ಕಿಂತ ಹೆಚ್ಚು ಇಳಿಸಬಲ್ಲದು. ತಿಂಡಿ ಜೊತೆಗೇ ಚಹಾ ಎಂಬ ಅಭ್ಯಾಸ ಬಿಟ್ಟು, ಊಟಕ್ಕೆ ಒಂದು ಗಂಟೆ ಮುಂಚೆ ಅಥವಾ ಒಂದು ಗಂಟೆ ಆದ ಮೇಲೆ ಕುಡಿಯಿರಿ. ಥೈರಾಯ್ಡ್ ಮಾತ್ರೆ ನುಂಗಿದ ಮೇಲೂ ಒಂದು ಗಂಟೆ ಬಿಡಿ. ನಾಡೊಲಾಲ್ ಎಂಬ ರಕ್ತದೊತ್ತಡದ ಮಾತ್ರೆಯನ್ನು ಗ್ರೀನ್ ಟೀ ದೇಹಕ್ಕೆ ಸರಿಯಾಗಿ ಸೇರಗೊಡುವುದಿಲ್ಲ. ರಕ್ತ ಹೆಪ್ಪುಗಟ್ಟದಿರಲೆಂದು ವಾರ್ಫರಿನ್ ತೆಗೆದುಕೊಳ್ಳುವವರು ಮಾಚಾ ಶುರುಮಾಡುವ ಮುನ್ನ ವೈದ್ಯರಿಗೆ ಹೇಳಬೇಕು, ಎಲೆಯಲ್ಲೇ ಇರುವ ವಿಟಮಿನ್ ಕೆ ಆ ಮಾತ್ರೆಯ ಕೆಲಸಕ್ಕೆ ಅಡ್ಡಿ ಬರಬಹುದು.

ಕೋಲಾರ, ತುಮಕೂರು, ಕೊಪ್ಪಳದಂಥ ಜಿಲ್ಲೆಗಳಲ್ಲಿ ಬೋರ್‌ವೆಲ್ ನೀರಿನ ಫ್ಲೋರೈಡ್ ಹೆಚ್ಚು. ಟೀ ಗಿಡವೂ ಮಣ್ಣಿನ ಫ್ಲೋರೈಡನ್ನು ಎಲೆಯಲ್ಲಿ ಕೂಡಿಡುತ್ತದೆ, ಬಲಿತ ಎಲೆಯ ಅಗ್ಗದ ಪುಡಿಯಲ್ಲಿ ಹೆಚ್ಚು. ಕುದಿಸಿದರೆ ಫ್ಲೋರೈಡ್ ಹೋಗುವುದಿಲ್ಲ, ನೀರು ಆರಿ ಇನ್ನಷ್ಟು ಗಟ್ಟಿಯಾಗುತ್ತದೆ. ಅಂಥಲ್ಲಿ ಆರ್‌ಒ ನೀರು, ಎಳೆ ಎಲೆಯ ಟೀ, ದಿನಕ್ಕೆ ಎರಡು ಲೋಟ ಸಾಕು. ಗಡಸು ನೀರಿನಲ್ಲಿ ಮೇಲೆ ಕೆನೆಯಂಥ ಪದರ ಕಟ್ಟಿದರೆ ಅದು ಸುಣ್ಣದಂಶ ಮತ್ತು ಪಾಲಿಫಿನಾಲ್ ಸೇರಿ ಆದದ್ದು, ಅದಕ್ಕೂ ಆರ್‌ಒ ನೀರೇ ಪರಿಹಾರ.

ಯಾವ ಟೀಯಾದರೂ ಸುಡುಸುಡು ಕುಡಿಯಬೇಡಿ. 65 ಡಿಗ್ರಿ ಮೀರಿದ ಪಾನೀಯಗಳನ್ನು ಅಂತರರಾಷ್ಟ್ರೀಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆ 2016ರಲ್ಲಿ ಬಹುಶಃ ಕ್ಯಾನ್ಸರ್‌ಕಾರಕ ಎಂಬ ಗುಂಪಿಗೆ ಸೇರಿಸಿದೆ.

ಮರೆವು ಈಗಾಗಲೇ ಕಂಡಿದ್ದರೆ ಟೀ ಕೊಳ್ಳುವ ಮುನ್ನ ಬಿ12, ಥೈರಾಯ್ಡ್, ಹಿಮೋಗ್ಲೋಬಿನ್, ಸಕ್ಕರೆ ಪರೀಕ್ಷೆ ಮಾಡಿಸಿ. ಬಿ12 ಕೊರತೆ ಮತ್ತು ಥೈರಾಯ್ಡ್ ಕುಂದಿದ್ದರಿಂದ ಬಂದ ಮರೆವು ಚಿಕಿತ್ಸೆಗೆ ಬಗ್ಗುತ್ತದೆ. ಒಂದು ಡಬ್ಬಿ ಮಾಚಾದ ದುಡ್ಡು ಅಲ್ಲಿ ಹೆಚ್ಚು ಕೆಲಸ ಮಾಡುತ್ತದೆ.

ಕೊಳ್ಳುವಾಗ ಪ್ಯಾಕ್ ಮಾಡಿದ ದಿನಾಂಕ ನೋಡಿ. ಗ್ರೀನ್ ಟೀ ಆರು ತಿಂಗಳೊಳಗಿನದಾಗಿರಲಿ, ಬ್ಲ್ಯಾಕ್ ಟೀ ಒಂದು ವರ್ಷ ತಡೆಯುತ್ತದೆ. ಗಾಜಿನ ಬಾಟಲಿಯಲ್ಲಿಟ್ಟು ಕಿಟಕಿ ಪಕ್ಕ ಇಡುವ ಬದಲು ಬಿಗಿ ಮುಚ್ಚಳದ ಸ್ಟೀಲ್ ಡಬ್ಬಿಯಲ್ಲಿ, ಮಸಾಲೆ ಡಬ್ಬಿಗಳಿಂದ ದೂರ ಇಡಿ. ಹೊಸ ಬಗೆಯನ್ನು ಮೊದಲ ಸಲ 100 ಗ್ರಾಂ ಮಾತ್ರ ತನ್ನಿ. 2 ಗ್ರಾಂನಂತೆ ಐವತ್ತು ಲೋಟ ಬರುತ್ತದೆ, ಒಗ್ಗುತ್ತದೋ ಇಲ್ಲವೋ ತಿಳಿಯಲು ಅಷ್ಟು ಸಾಕು.